ಅಂಬಕ್ಕಜ್ಜಿಯ ಹುಣಸೆಮರದ ನೆರಳು

ಧಾರವಾಡ, ಫೆಬ್ರವರಿ ಮೂವತ್ತು, 2231

ಪೂಜ್ಯ ಅಂಬಕ್ಕಜ್ಜಿಗೆ, ನಿಮ್ಮ ವಂಶದ ಏಳನೆಯ ತಲೆಮಾರಿನ ಶಾಕಂಬರಿಯ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನೀವು ತೋಟವನ್ನು ಊರಿಗೆ ಕೊಡುವ ಮುನ್ನವೇ ಈ ಪತ್ರ ನಿಮ್ಮ ಕೈಸೇರಲಿ ಎಂದು ಬರೆಯುತ್ತಿದ್ದೇನೆ; ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನೀವು ಊರಿಗೆ ಬಿಟ್ಟುಕೊಟ್ಟ ದೇಸಾಯಿ ತೋಟವೊಂದೇ ಈಗ ಇಲ್ಲಿ ಉಳಿದಿರುವ ಉದ್ಯಾನ. ನಿಮ್ಮ ಪಡಸಾಲೆಯಲ್ಲಿ ಊರ ಮಕ್ಕಳು ಚೆಸ್ ಆಡುತ್ತಾರೆ, ಕುದುರೆ ಲಾಯದಲ್ಲಿ ಸಸಿ ಮಾರುತ್ತಾರೆ. ಹಿತ್ತಲ ಹುಣಸೆಮರಕ್ಕೆ ಮಾತ್ರ ನೆರಳುಪಾಳಿ ಇದೆ. ಅಂದರೆ, ಬಿಸಿಲು ತಡೆಯಲಾರದ ಜನ ಸಾಲಿನಲ್ಲಿ ನಿಂತು, ಅದರ ಕೆಳಗೆ ಸ್ವಲ್ಪ ಹೊತ್ತು ಕೂತು ಏಳುತ್ತಾರೆ. ಕೂಸಿಗೆ ಹೆಸರಿಡುವುದೂ ಅಲ್ಲೇ. ನಮ್ಮ ಮನೆತನದವರು ಮಾತ್ರ ಒಬ್ಬರೂ ಅಲ್ಲಿ ಕೂತಿಲ್ಲ. ಅದಕ್ಕೆ ಕಾರಣ ನೀವು. ಗೇಟು ತೆರೆದ ದಿನ ನಿಮ್ಮ ಮಕ್ಕಳು ಮರದ ಕೆಳಗೆ ಓಡಿದಾಗ, ಊಟದ ಪಂಕ್ತಿಯಲ್ಲಿ ಹೇಳುವ ಹಾಗೆ ಹೇಳಿದಿರಂತೆ: "ಬಂದವ್ರು ಮೊದ್ಲ ಕೂಡ್ಲಿ. ಮನಿಯವ್ರು ಆಮ್ಯಾಲೆ." ಊರು ಅದನ್ನೇ ಕಟ್ಟಳೆ ಮಾಡಿಕೊಂಡಿತು. ಬರುವವರು ಎಂದೂ ಮುಗಿಯಲಿಲ್ಲ.

ನನಗೆ ಹೊಟ್ಟೆಕಿಚ್ಚು, ಅಜ್ಜಿ. ಮುಚ್ಚಿಡುವುದಿಲ್ಲ. ಅಲ್ಲಿ ಗೊರಕೆ ಹೊಡೆಯುವ ಮುದುಕನನ್ನು ಕಂಡರೆ, ಹುಣಸೆಕಾಯಿಗೆ ಉಪ್ಪು ಹಚ್ಚಿ ಚೀಪುವ ಹುಡುಗಿಯರನ್ನು ಕಂಡರೆ ಮೈ ಉರಿಯುತ್ತದೆ. ನಮ್ಮ ಮರದ ಕಾಯಿ ಎಷ್ಟು ಹುಳಿ ಎಂಬುದೂ ನನಗೆ ಗೊತ್ತಿಲ್ಲ. ಕಾವಲಿನ ಫಕೀರಪ್ಪ ಪ್ರತಿ ಸಲ ಕೈಮುಗಿದು, "ನೀವು ಮನಿಯವ್ರು ಅದೀರಿ ಅಕ್ಕಾರ, ತಡೀರಿ" ಎನ್ನುತ್ತಾನೆ. ಅವನ ಮರ್ಯಾದೆಯೇ ನನಗೆ ಸಾಕುಸಾಕಾಗಿದೆ.

ಈಗ ಮರದೊಳಗೆ ಟೊಳ್ಳು ಬಿದ್ದಿದೆ; ನಾಳೆ ಕಡಿಯುತ್ತಾರೆ. ಇವತ್ತು ಇಳಿಹೊತ್ತಿಗೆ ಸಾಲು ಕರಗಿತು. ಫಕೀರಪ್ಪ ಹಗ್ಗ ಎತ್ತಿ ನನ್ನನ್ನು ಒಳಗೆ ಬಿಟ್ಟ. ನಾನಿನ್ನೂ ಮಂಡಿ ಮಡಚಿರಲಿಲ್ಲ, ಬಾಣಂತಿಯೊಬ್ಬಳು ಹೆಸರಿಡದ ಕೂಸನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಬಂದಳು. ಫಕೀರಪ್ಪ ಈ ಸಲ ನನ್ನನ್ನು ತಡೆಯಲಿಲ್ಲ, ಹಗ್ಗ ಹಿಡಿದೇ ನಿಂತ. "ಬಂದವ್ರು ಮೊದ್ಲ ಕೂಡ್ಲಿ" ಎಂದವಳು ನಾನೇ. ಹೆಸರಿಟ್ಟು ಆಕೆ ಏಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕೂರಲು ನೆರಳೇ ಇರಲಿಲ್ಲ.

ತೋಟ ಕೊಡಬೇಡಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯಬೇಕೆಂದಿದ್ದೆ. ಆ ಕೂಸಿನ ಮುಖ ನೋಡಿದ ಮೇಲೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ಕೊಡಿ. ಆದರೆ ಗೇಟು ತೆರೆಯುವ ಮುನ್ನ, ಒಂದು ಮಧ್ಯಾಹ್ನ, ನನ್ನ ಪಾಲಿಗೂ ಆ ಮರದ ಕೆಳಗೆ ಕೂತುಬಿಡಿ. ಪಕ್ಕದಲ್ಲಿ ನನಗೆ ಜಾಗ ಬಿಡಿ; ಅಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ.

ನಿಮ್ಮ ಮನೆಯವಳು,
ಶಾಕಂಬರಿ