ಚಿರತೆ ಸಿಕ್ಕ ಸುದ್ದಿ

ಆನೆಗೊಂದಿ, ಸೋಮವಾರ

ನಮ್ಮ ಸೀಮೆಯ ಮಂಗಳೂರು ಹಳ್ಳಿಯ ಬೀಗತಿ ಬಸಲಿಂಗಮ್ಮನವರಿಗೆ ಪಾರ್ವತೆಮ್ಮನ ಶರಣು.

ಇವತ್ತು ಸೋಮವಾರದ ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಪೂಜೆ ಮುಗಿಸಿ ಬರೆಯಲು ಕುಳಿತೆ. ಫೋನಿನಲ್ಲಾದರೆ ನಮ್ಮಿಬ್ಬರದೂ ದನಿ ಏರುತ್ತದೆ.

ಚಿರತೆ ಸಿಕ್ಕಿತು ನೋಡ್ರಿ. ನಿನ್ನೆ ನಸುಕಿನಲ್ಲಿ ನಮ್ಮ ಬಾಳೆತೋಟದ ಬೋನಿಗೇ ಬಿತ್ತು. "ಮೊದಲ ಚಿರತಿ ಹಿಡೀಲಿ, ಆಮ್ಯಾಲ ಮಗಳನ್ನೂ ಕೂಸನ್ನೂ ಕಳಸ್ತೀನಿ" ಅಂದಿದ್ದಿರಲ್ಲ, ಹಿಡಿದರು. ಸೊಸೆ ಐಶ್ವರ್ಯಳನ್ನು ಕರೆತರಲು ಆಗಲೇ ಕಾರು ಹೇಳಿ, ನಾನೂ ನೋಡಲು ಓಡಿದೆ.

ಬೋನಿನ ಸರಳು ಮುರಿಯುವ ಹಾಗೆ ಹಾರಾಡುತ್ತಿತ್ತು. ಅರಣ್ಯ ಇಲಾಖೆಯವರೊಬ್ಬರು, "ಹಿಂದ ಸರೀರಿ ಅಮ್ಮಾರ, ಹಾಲೂಡೋ ತಾಯಿ ಇದು. ಮರಿ ಇಲ್ಲೇ ಕಲ್ಲಿನ ಸಂದ್ಯಾಗ ಎಲ್ಲೋ ಐತಿ" ಎಂದರು. ಹುಡುಕಿ ತಂದು ಬೋನಿನೊಳಗೆ ಬಿಟ್ಟರು. ಅಷ್ಟು ಸಿಟ್ಟಿನ ಪ್ರಾಣಿ ಮರಿಯನ್ನು ನೆಕ್ಕುತ್ತಾ ತಣ್ಣಗೆ ಮಲಗಿತು. ತಪ್ಪು ತಿಳಿಯಬೇಡಿ, ನನಗೆ ನೀವು ನೆನಪಾದಿರಿ. ನಿಮ್ಮ ಅಂಜಿಕೆ ಏನೆಂದು ಆಗ ತಿಳಿಯಿತು. ತಾಯಿ ಮರಿ ಎರಡನ್ನೂ ಕೂಡಿಸಿಯೇ ದೂರದ ಕಾಡಿಗೆ ಒಯ್ದರು.

ಮನೆಗೆ ಬಂದು, ನಿಮ್ಮನ್ನು ಕೇಳದೆ ಕಳಿಸುವುದು ಸರಿಯಲ್ಲವೆಂದು ಕಾರು ಬೇಡವೆಂದೆ. ಐಶ್ವರ್ಯಳ ಜೊತೆ ನೀವೂ ಬನ್ನಿ. ಕೂಸಿನ ಮಗ್ಗುಲಲ್ಲೇ ಮಲಗಿ, ತೋಟ ಕಣ್ಣಾರೆ ನೋಡಿ, ಧೈರ್ಯ ಬಂದ ಮೇಲೆ ಹೋಗುವಿರಂತೆ. ತೊಟ್ಟಿಲು ತೊಳೆದಿಟ್ಟಿದ್ದೇನೆ. ನಿಮ್ಮ ಹಾಸಿಗೆಯನ್ನೂ ಬಿಸಿಲಿಗೆ ಹಾಕಿದ್ದೇನೆ.

ಈ ಪತ್ರ ತಂದ ಶಾಮೀದಸಾಬರು ಬಾಳೆಗೊನೆ ಇಳಿಸಿ ಸಂಜೆಗೆ ಹೊಳ್ಳಿ ಬರುತ್ತಾರೆ. ಉತ್ತರವಿಲ್ಲದೆ ಬರಬೇಡಿರೆಂದು ಹೇಳಿದ್ದೇನೆ. ಯಾವತ್ತು ಕಾರು ಕಳಿಸಲಿ ಎಂದು ಬರೆದು ಅವರ ಕೈಯಲ್ಲಿ ಕೊಡಿರಿ.

ನಿಮ್ಮ ದಾರಿ ಕಾಯುವ ಬೀಗತಿ,
ಪಾರ್ವತೆಮ್ಮ