ಭಾನುವಾರದ ಪುಟದ ಖಾಲಿ ಕುರ್ಚಿ

ಡಂಡೀ
ಸೋಮವಾರ, ೧೭ ನವೆಂಬರ್ ೧೯೮೬

ಪ್ರೀತಿಯ ತಮ್ಮ ಯೂವನ್,

ನಿನ್ನ ಬೆನ್ನುನೋವು ಹೇಗಿದೆ? ಆರ್ಕ್ನಿ ದ್ವೀಪದ ಗಾಳಿಯಲ್ಲಿ ಆ ಕಿಟಕಿಯ ಪಕ್ಕ ಕುಳಿತು ಚಿತ್ರ ಬರೆಯಬೇಡವೆಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ಕಳೆದ ತಿಂಗಳು ಕಳಿಸಿದ ಸ್ವೆಟರನ್ನಾದರೂ ತೊಡುತ್ತಿರುವೆಯೆಂದು ಭಾವಿಸಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಮ್ಮ ಎರಡು ಹೊತ್ತೂ ಸೂಪು ಕುಡಿಯುತ್ತಾಳೆ, ಕೋಲು ಹಿಡಿದು ಮೆಟ್ಟಿಲು ಹತ್ತಿಳಿಯುತ್ತಾಳೆ, ನನ್ನನ್ನು ಬೈಯುತ್ತಾಳೆ. ಇದನ್ನೆಲ್ಲ ಮೊದಲೇ ಬರೆಯುವುದಕ್ಕೆ ಕಾರಣವಿದೆ. ನಿನ್ನೆಯಿಂದ ಅರ್ಧ ಊರು ಅವಳು ಸತ್ತಳೆಂದು ತಿಳಿದುಕೊಂಡಿದೆ.

ನಿನ್ನೆ ಬೆಳಿಗ್ಗೆ ಪತ್ರಿಕೆ ಬಂತು. ಕಾಮಿಕ್ಸ್ ಪುಟವನ್ನು ಅಮ್ಮನಿಗಿಂತ ಮೊದಲು ಯಾರೂ ಬಿಡಿಸುವಂತಿಲ್ಲವೆಂಬುದು ನಿನಗೆ ಗೊತ್ತು. ಅವಳು ಕನ್ನಡಕ ಏರಿಸಿ ‘ಪಂಪ್ ಓಣಿಯ ಮಂದಿ’ಯನ್ನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದಳು. ಚಿತ್ರದ ಅಪ್ಪನಿಗೊಂದು ದನಿ, ಅವಳಿ ಹುಡುಗರಿಗೊಂದು ದನಿ. ಐದನೆಯ ಚೌಕಕ್ಕೆ ಬಂದು ನಿಲ್ಲಿಸಿದಳು. ಕಣ್ಣು ಮಂಜಾಯಿತೇನೋ ಎಂದುಕೊಂಡು ನಾನು ಬಗ್ಗಿ ನೋಡಿದೆ. ಚಿತ್ರದಲ್ಲಿ ಒಲೆಯ ಪಕ್ಕದ ಅಜ್ಜಿ ಟಾಶ್‌ಳ ಕುರ್ಚಿ ಖಾಲಿ. ಅದರ ಮೇಲೆ ಅರ್ಧ ಹೆಣೆದ ಕಾಲುಚೀಲ. ಮೇಜಿನ ಸುತ್ತ ಕುಳಿತವರೆಲ್ಲ ತಟ್ಟೆ ನೋಡುತ್ತಿದ್ದಾರೆ. ಕೊನೆಯ ಚೌಕದಲ್ಲಿ ಒಂದೇ ಒಂದು ಮಾತಿನ ಗುಳ್ಳೆಯೂ ಇಲ್ಲ.

ಕಾಮಿಕ್ಸಿನ ಆ ಮನೆಯಲ್ಲಿ ಯಾರೂ ಸಾಯುವುದಿಲ್ಲ. ನನಗೆ ಎಂಟು ವರ್ಷವಿದ್ದಾಗ ತೊಟ್ಟಿಲಲ್ಲಿದ್ದ ಕೂಸು ಇವತ್ತಿಗೂ ತೊಟ್ಟಿಲಲ್ಲೇ ಇದೆ. ನಮ್ಮಪ್ಪನ ಹಡಗು ಮುಳುಗಿದ ಸುದ್ದಿ ಬಂದ ವಾರವೂ ಅವರು ಮೇಜಿನ ಸುತ್ತ ಕುಳಿತು ಮಾಂಸದ ಕಡುಬಿಗೆ ಜಗಳವಾಡುತ್ತಿದ್ದರು. ಅಮ್ಮ ಆ ಭಾನುವಾರವೂ ನಮಗೆ ಓದಿ ಹೇಳಿದಳು, ಒಂದು ದನಿಯನ್ನೂ ಬಿಡದೆ. ಇಂಗ್ಲಿಷ್ ಬಿಟ್ಟು ನಮ್ಮ ಮನೆಮಾತಿನಲ್ಲಿ ಉತ್ತರ ಕೊಟ್ಟರೆ ಶಾಲೆಯಲ್ಲಿ ಮಿಸ್ ಕಾರ್ಗಿಲ್ ಬೆರಳ ಗೆಣ್ಣಿಗೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಆ ಮಾತು ಅಚ್ಚಾಗಿ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಆ ಒಂದು ಪುಟದಲ್ಲಿ ಮಾತ್ರ. ಹಳೆಯ ಕಲಾವಿದರ ನಂತರ ಅದು ನಿನ್ನ ಕೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೆಸರು ಹಾಕಲು ಪತ್ರಿಕೆಯವರು ಬಿಡುವುದಿಲ್ಲ, ಆದರೆ ನೀನು ಅಜ್ಜಿ ಟಾಶ್‌ಗೆ ಮೆಲ್ಲಮೆಲ್ಲನೆ ಅಮ್ಮನ ಗದ್ದ, ಅಮ್ಮನ ಹೇರ್‌ಪಿನ್ನು, ಮಾತು ಮುಗಿಸುವಾಗ ಅವಳು ಹುಬ್ಬೇರಿಸುವ ರೀತಿ ಎಲ್ಲವನ್ನೂ ಕೊಟ್ಟೆ. ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಬೀದಿಗೆಲ್ಲ ಅದು ಗೊತ್ತು. ಗೊತ್ತಿದ್ದುದರಿಂದಲೇ ನಿನ್ನೆ ಹಾಗಾಯಿತು.

ಹನ್ನೊಂದು ಗಂಟೆಗೆ ಮೇಲ್ಮಹಡಿಯ ಟೀನಾ ಲಾರಿಮರ್ ಕಪ್ಪು ಕೋಟು ತೊಟ್ಟು, ಖೀಮಾದ ಪಾತ್ರೆ ಹಿಡಿದು ಬಂದಳು. ಬಾಗಿಲು ತೆಗೆದವಳು ಅಮ್ಮ. “ಅಯ್ಯೋ ದೇವ್ರೇ, ಲೆಕ್ಸಕ್ಕಾ! ನೀವೇ ಬಾಗ್ಲು ತೆಗೀತಿದ್ದೀರಲ್ಲಾ!” ಎಂದು ಟೀನಾ ಗೋಡೆಗೆ ಒರಗಿಬಿಟ್ಟಳು. “ಇನ್ಯಾರು ತೆಗೀಬೇಕಿತ್ತೇ? ಪಾತ್ರೆ ಒಳಗಿಡು. ಸತ್ತೋಳಿಗೂ ಹಸಿವಾಗತ್ತೆ” ಎಂದಳು ಅಮ್ಮ. ಮಧ್ಯಾಹ್ನದೊಳಗೆ ಇನ್ನೂ ನಾಲ್ವರು ಬಂದರು. ಚರ್ಚಿನ ಪಾದ್ರಿಗಳು ಫೋನ್ ಮಾಡಿ, ಅಂತ್ಯಕ್ರಿಯೆ ಯಾವತ್ತು ಎಂದು ಅಮ್ಮನನ್ನೇ ಕೇಳಿದರು. ಅಮ್ಮ ಎಲ್ಲರಿಗೂ ನಗುತ್ತಲೇ ಉತ್ತರ ಕೊಟ್ಟಳು. ಅವಳು ನಗುತ್ತಿದ್ದಷ್ಟು ಹೊತ್ತು ನಾನೂ ಇದನ್ನೊಂದು ತಮಾಷೆಯೆಂದೇ ನಂಬಲು ಪ್ರಯತ್ನಿಸಿದೆ.

ಎಲ್ಲರೂ ಹೋದ ಮೇಲೆ ಅವಳು ಭೂತಗನ್ನಡಿ ತರಿಸಿಕೊಂಡು ಆ ಚೌಕವನ್ನು ಬಹಳ ಹೊತ್ತು ನೋಡಿದಳು. ಅಜ್ಜಿ ಟಾಶ್ ಐವತ್ತು ವರ್ಷದಿಂದ ಬಲಗೈಯವಳು. ಉಣ್ಣೆಯ ಬುಟ್ಟಿ ಸದಾ ಅವಳ ಬಲಕ್ಕೆ. ಈ ಚಿತ್ರದಲ್ಲಿ ಅದು ಎಡಕ್ಕಿದೆ, ಎಡಗೈಯವಳಾದ ಅಮ್ಮ ಇಟ್ಟುಕೊಳ್ಳುವ ಹಾಗೆ. “ಇದು ಟಾಶ್ ಮುದುಕಿ ಕುರ್ಚಿ ಅಲ್ಲ ಕಣೇ ನೆಟ್ಟಾ. ನಂದು” ಎಂದಳು. ಆಮೇಲೆ ಬೆರಳು ಮಡಿಸಿ ವಾರಗಳನ್ನು ಹಿಂದಕ್ಕೆ ಎಣಿಸತೊಡಗಿದಳು. ನೀನು ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಸೆಪ್ಟೆಂಬರಿನ ಬಿಸಿಲಲ್ಲಿ ಕುಳಿತು, ಕ್ರಿಸ್‌ಮಸ್‌ನ ಹಿಮ ಬರೆಯುತ್ತಿದ್ದುದನ್ನು ಅವಳು ಮರೆತಿಲ್ಲ. ಅಚ್ಚಾಗುವುದಕ್ಕೆ ಹನ್ನೆರಡು ವಾರ ಮುಂಚೆ. ಯಾವಾಗಲೂ ಹನ್ನೆರಡು ವಾರ. ಹನ್ನೆರಡನೆಯ ಎಣಿಕೆಗೆ ಅವಳ ಬೆರಳು ನಿಂತದ್ದು ಆಗಸ್ಟಿನ ಆ ವಾರದ ಮೇಲೆ. ಅವಳ ಹೃದಯ ಕೈಕೊಟ್ಟು, ಭಾನುವಾರದವರೆಗೆ ಉಳಿಯುವುದು ಕಷ್ಟವೆಂದು ವಾರ್ಡಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ ವಾರ. ನಾನು ನಿನಗೆ ಬಾ ಎಂದು ತುರ್ತು ಕಾಗದ ಹಾಕಿದ, ನೀನು ಬಂದರಿನ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದ ವಾರ. “ಮಂಜು ಕವಿದಿದೆ ನೆಟ್ಟಕ್ಕ, ದೋಣಿ ಹೊರಡ್ತಾ ಇಲ್ಲ” ಎಂದೆ. ಅಮ್ಮನಿಗೆ ಎಚ್ಚರ ಬಂದಾಗ ನಾನು ಅದನ್ನೇ ಹೇಳಿದೆ. ಅವಳು ನಂಬಿದಳು. ನಾನೂ ನಂಬಿದ್ದೆ.

ಇವತ್ತು ಬೆಳಿಗ್ಗೆ ಪತ್ರಿಕೆಯ ಕಚೇರಿಯಿಂದ ಇಂಗ್ಲಿಸ್ ಎಂಬ ಉಪಸಂಪಾದಕ ಫೋನ್ ಮಾಡಿದ. ಮುನ್ನೂರಕ್ಕೂ ಹೆಚ್ಚು ಜನ ಅವರಿಗೆ ಕರೆ ಮಾಡಿದ್ದಾರಂತೆ. ಪರ್ತ್‌ನ ಒಬ್ಬ ಮುದುಕ ಬಿಕ್ಕಿಬಿಕ್ಕಿ ಅತ್ತನಂತೆ. “ಅಜ್ಜಿ ಅರ್ಬ್ರೋತ್‌ನಲ್ಲಿರೋ ತಂಗಿ ಮನೆಗೆ ಹೋಗಿದ್ಳು ಅಂತ ಏನಾದ್ರೂ ಬರೆದು ವಾಪಸ್ ಕರ್ಕೊಂಡು ಬರೋಕ್ಕೆ ಹೇಳಿ ಮೇಡಂ. ಇಲ್ಲಿ ಫೋನ್ ಕೆಳಗಿಡೋಕ್ಕಾಗ್ತಿಲ್ಲ” ಎಂದ. ಅಚ್ಚಿಗೆ ಕೊಡುವ ಮುಂಚೆ ಯಾರೂ ನೋಡಲಿಲ್ಲವೇ ಎಂದು ಕೇಳಿದೆ. “ಐವತ್ತು ವರ್ಷದಿಂದ ಬದಲಾಗದೇ ಇರೋ ಪುಟಾನ ಯಾರು ನೋಡ್ತಾರೆ ಹೇಳಿ?” ಎಂದ. ಆ ಚಿತ್ರ ಯಾವತ್ತು ಕೈಸೇರಿತು ಎಂದು ಕೇಳಿದೆ. ರಿಜಿಸ್ಟರು ನೋಡಿ ಹೇಳಿದ: ಆಗಸ್ಟ್ ಇಪ್ಪತ್ತಮೂರು, ಶನಿವಾರ, ಎಂದಿನಂತೆ. ನಿನ್ನ ಟಪಾಲು ತರುವ ದೋಣಿ ಆ ವಾರ ಒಂದು ದಿನವೂ ತಪ್ಪಿಲ್ಲವಂತೆ.

ಸುಳ್ಳು ಹೇಳಿ ಮುಚ್ಚಿಡಬಹುದಿತ್ತು, ಆದರೆ ನಾನು ಫೋನಿನಲ್ಲಿ ಮತ್ತೆ ಹೇಳಿದ ತಾರೀಖನ್ನು ಕೇಳಿಸಿಕೊಂಡು ಅಮ್ಮ ನನ್ನ ಹಿಂದೆಯೇ ನಿಂತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. “ಕುರ್ಚಿ ದೋಣಿ ಹತ್ತಿ ಬಂತು. ಹುಡುಗ ಹತ್ತಲಿಲ್ಲ” ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಾಗ ನೀನು ಇಂಡಿಯನ್ ಇಂಕಿನಲ್ಲಿ ಆ ಕುರ್ಚಿಯ ಒಂದೊಂದು ಕಾಲನ್ನೂ ತಿದ್ದುತ್ತ ಕುಳಿತಿದ್ದೆಯಲ್ಲ, ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಗೊತ್ತಿಲ್ಲ. ಅವಳು ಚೇತರಿಸಿಕೊಂಡ ಸುದ್ದಿಯನ್ನು ನಾನು ಆ ತಿಂಗಳಲ್ಲೇ ಬರೆದಿದ್ದೆ. ಚಿತ್ರವನ್ನು ವಾಪಸು ತರಿಸಿಕೊಳ್ಳಲು ನಿನಗೆ ಹತ್ತು ವಾರವಿತ್ತು. ಅದನ್ನೂ ಮಾಡಲಿಲ್ಲ. ನಿನಗೆ ಅವಳ ಹಾಸಿಗೆಯ ಪಕ್ಕ ನಿಲ್ಲುವ ಧೈರ್ಯವಿರಲಿಲ್ಲವೆಂದು ನಾನು ಊಹಿಸಬಲ್ಲೆ. ಆದರೆ ನನ್ನ ಊಹೆ ಸಾಲದು. ಕಾರಣ ನಿನ್ನ ಬಾಯಿಂದಲೇ ಅವಳಿಗೆ ತಿಳಿಯಬೇಕು.

ಹುಷಾರಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ಟೀನಾ ನಿನಗೆ ನೆನಪು ತಿಳಿಸಿದ್ದಾಳೆ, ಜೊತೆಗೆ ಒಂದು ಬೈಗುಳವನ್ನೂ ಸೇರಿಸಿದ್ದಾಳೆ. ಅದನ್ನು ನಾನು ಬರೆಯಲಾರೆ.

ಇಷ್ಟಾದರೂ ನಿನ್ನ ಅಕ್ಕನೇ ಆದ,
ನೆಟ್ಟಾ ಪಟುಲ್ಲೊ

ಮರೆತಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಒಳಗಿನಿಂದ ಪೆಟ್ಟಿಗೆ ಎಳೆದು ತಂದಿದ್ದಾಳೆ. ಅಜ್ಜಿ ಟಾಶ್‌ಳನ್ನು ನೀನು ನೆನಪಿನಿಂದ ಬರೆದು ವಾಪಸು ತರಲು ಬಿಡುವುದಿಲ್ಲವಂತೆ. “ನನ್ನ ಮುಖ ನೋಡ್ಕೊಂಡು ಬರೀಲಿ. ಅವನು ಬರಲ್ಲ, ನಾನೇ ಹೋಗ್ತೀನಿ” ಎನ್ನುತ್ತಿದ್ದಾಳೆ. ಶುಕ್ರವಾರ ಬೆಳಗಿನ ರೈಲಿಗೆ ಎರಡು ಟಿಕೆಟ್ ತರಲು ಟೀನಾಳನ್ನು ಆಗಲೇ ಕಳಿಸಿಯಾಗಿದೆ. ನಿನ್ನ ಮನೆಯಲ್ಲಿ ಫೋನಿಲ್ಲ. ಈ ಕಾಗದ ಬುಧವಾರ ನಿನ್ನ ಕೈಸೇರುತ್ತದೆ. ಗುರುವಾರದ ದೋಣಿ ಹತ್ತಿದರೆ ಅವಳು ಹೊಸಿಲು ದಾಟುವ ಮುಂಚೆ ನೀನು ಇಲ್ಲಿರುತ್ತೀ. ಈ ಹೃದಯ ಇಟ್ಟುಕೊಂಡು ನವೆಂಬರಿನ ಸಮುದ್ರ ದಾಟಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅವಳಿಗೆ ಅದು ಗೊತ್ತು. ಈಗ ನಿನಗೂ ಗೊತ್ತು.