ಕಮಾನಿನ ಮೇಲೆ ಹೊರಿಸಿದ್ದು

ಅಡಿಕ್‌ಮೆಟ್, ಹೈದರಾಬಾದ್
ದಿ. ೧೪–೧೦–೨೦೦೩, ಮಂಗಳವಾರ

ಪ್ರೀತಿಯ ಅಳಿಯಂದಿರಾದ ಚಿರಂಜೀವಿ ಅಮೋಲರಿಗೆ,

ಪತ್ರದಲ್ಲಿ ಮೊದಲು ಕ್ಷೇಮ, ಆಮೇಲೆ ವಿಷಯ ಎಂದು ನೌಕರಿಯುದ್ದಕ್ಕೂ ಮಕ್ಕಳಿಗೆ ಕಲಿಸಿದವನು ನಾನು. ಈ ದಿನ ಆ ಕ್ರಮವನ್ನು ಮೀರುತ್ತಿದ್ದೇನೆ. ಕಳೆದ ಬುಧವಾರ ನಿಮಗೆ ಬರೆದ ಪತ್ರದಲ್ಲಿ, ‘ನೀವು ಸೈಕಲ್ಲಿಗೆ ಕೂಡಿಸಿದ ಕಮಾನುಗಳು ಒತ್ತಡಕ್ಕೆ ಬಾಗಿ, ಬ್ರೇಕು ಹಿಡಿಯದೆ ಹೋದುದರಿಂದ ಶೈಲಾ ಬಿದ್ದಳು’ ಎಂಬ ಒಂದು ವಾಕ್ಯವಿದೆ. ಆ ವಾಕ್ಯ ತಪ್ಪು. ಕಮಾನುಗಳು ಬಾಗಿರಲಿಲ್ಲ. ನಿಮ್ಮ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ. ನಿಮ್ಮ ಹೆಂಡತಿಯ ಮಣಿಕಟ್ಟು ಮುರಿದದ್ದು ನಿಮ್ಮಿಂದಲ್ಲ. ಇಷ್ಟನ್ನು ತಿಳಿದುಕೊಂಡ ಮೇಲೆ ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು.

ಇನ್ನು ಕ್ಷೇಮ ಸಮಾಚಾರ. ನಿಮ್ಮ ಆರೋಗ್ಯ ಹೇಗಿದೆ? ಉದಗೀರದಲ್ಲಿ ನಿಮ್ಮ ತಾಯಿಯವರಾದ ತುಳಸಾಬಾಯಿಯವರ ಮೊಣಕಾಲು ನೋವು ಇಳಿದಿದೆಯೆ? ನೀವು ತಾಟಿನ ಮುಂದೆ ಕುಳಿತು ಅರ್ಧಕ್ಕೇ ಏಳುತ್ತೀರೆಂದು ಅವರು ಫೋನಿನಲ್ಲಿ ಶೈಲಾಳಿಗೆ ಹೇಳಿದರಂತೆ. ಇಲ್ಲಿ ಶೈಲಾಳ ಕೈಯ ಬಾವು ಇಳಿದಿದೆ. ಪ್ಲಾಸ್ಟರಿನ ಹೊರಗಿರುವ ಬೆರಳುಗಳು ಚೆನ್ನಾಗಿ ಆಡುತ್ತವೆ. ಎಡಗೈಯಿಂದ ಉಣ್ಣಲು ಮೊದಲೆರಡು ದಿನ ನಾಚುತ್ತಿದ್ದವಳು ಈಗ ಚಮಚ ಹಿಡಿದು ತಾಯಿಯ ತಾಟಿನ ಹಪ್ಪಳಕ್ಕೂ ಕೈಚಾಚುತ್ತಾಳೆ. ನೀವು ದಿನವೂ ಸಂಜೆ ಫೋನು ಮಾಡಿ, ‘ಕೈ ಹ್ಯಾಂಗದ?’ ಎಂದಷ್ಟೇ ಕೇಳಿ ಇಟ್ಟುಬಿಡುತ್ತೀರಿ. ನೀವು ಇಟ್ಟ ಮೇಲೂ ಅವಳು ಫೋನಿನ ಪಕ್ಕದ ಕುರ್ಚಿಯಲ್ಲಿಯೇ ಬಹಳ ಹೊತ್ತು ಕುಳಿತಿರುತ್ತಾಳೆ. ಮೊನ್ನೆ ನಿಮ್ಮ ಅತ್ತೆ, ‘ನೀನರೆ ನಾಕ ಮಾತು ಆಡಬಾರದೇನ?’ ಎಂದು ಗದರಿದಾಗ, ‘ಏನು ಆಡ್ಲಿ? ನಾ ಏನಂದ್ರೂ ಅವರಿಗೆ ನನ್ನ ಕೈ ಒಂದೇ ಕಾಣಸ್ತದ’ ಎಂದಳು. ನಾನು ಕೇಳಿಯೂ ಕೇಳದವನಂತೆ ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡೆ.

ಬಾಲಾನಗರದ ಕಾರ್ಖಾನೆಯ ಖಾಯಂ ಕೆಲಸವನ್ನು ಬಿಟ್ಟು ನೀವು ಮಿಯಾಪುರದಲ್ಲಿ ವರ್ಕ್‌ಶಾಪು ತೆರೆದದ್ದು ನನಗೆ ಸರಿಬಂದಿರಲಿಲ್ಲವೆಂಬುದು ನಿಮಗೆ ಗೊತ್ತಿರುವ ಸಂಗತಿ. ಮಾಧಾಪುರದ ಸಾಫ್ಟ್‌ವೇರ್ ಕಚೇರಿಗಳ ತರುಣರು ಪರದೇಶದಿಂದ ಗುಡ್ಡ ಹತ್ತುವ ಸೈಕಲ್ಲುಗಳನ್ನು ತರಿಸುತ್ತಾರೆ, ರವಿವಾರ ಗೋಲಕೊಂಡೆಯ ಆಚೆಯ ಬಂಡೆಗಳ ಮೇಲಿಂದ ಇಳಿಯುತ್ತಾರೆ, ಅವರ ಬ್ರೇಕುಗಳನ್ನು ಗಟ್ಟಿ ಮಾಡಿಕೊಡುವುದೇ ಇನ್ನು ಮೇಲೆ ನಿಮ್ಮ ಉದ್ಯೋಗ ಎಂದು ನೀವು ಹೇಳಿದಾಗ, ಆಗಷ್ಟೇ, ಮೇ ತಿಂಗಳಲ್ಲಿ, ಮಗಳನ್ನು ಧಾರೆಯೆರೆದ ತಂದೆಗೆ ಚಿಂತೆಯಾದದ್ದು ಸಹಜ. ನೀವು ಬೇಸರಿಸದೆ ತಿಳಿಸಿ ಹೇಳಿದಿರಿ. ‘ಸರ್, ಲಿವರ್ ಹಿಡದ್ರ ಎರಡೂ ಕಡಿ ರಬ್ಬರ್ ಬಂದು ರಿಮ್ಮಿಗೆ ಒತ್ತತಾವ. ನಾವು ಎಷ್ಟು ಒತ್ತತೀವಿ, ರಿಮ್ಮು ಅಷ್ಟೇ ವಾಪಸ್ ಒತ್ತತದ. ಆಗ ಫ್ರೇಮಿನ ಎರಡು ಕಾಲು ಆ ಕಡಿ ಈ ಕಡಿ ಅಗಲ ಆಗ್ತಾವ. ನಮ್ಮ ಕೈಯಾನ ಜೋರೆಲ್ಲಾ ಅಲ್ಲೇ ಖರ್ಚಾಗಿ ಹೋಗ್ತದ, ಗಾಡಿ ನಿಂದ್ರಸಲಿಕ್ಕೆ ಉಳಿಯೂದಿಲ್ಲ.’ ಮಾವ ಎನ್ನಿರಿ ಎಂದು ಎಷ್ಟು ಸಲ ಹೇಳಿದರೂ ನೀವು ಸರ್ ಎನ್ನುವುದನ್ನು ಬಿಡಲಿಲ್ಲ. ನನಗೂ ಅದು ಒಳಗೊಳಗೆ ಹಿತವಾಗಿತ್ತು. ಆ ಎರಡು ಕಾಲುಗಳ ನಡುವೆ, ಟಾಯರಿನ ಮೇಲಿಂದ ದಾಟಿಸಿ, ಕುದುರೆಯ ಲಾಳದಂತಹ ದಪ್ಪ ಅಲ್ಯುಮಿನಿಯಮ್ ಪಟ್ಟಿಯೊಂದನ್ನು ಬೋಲ್ಟು ಹಾಕಿ ಬಿಗಿದರೆ ಕಾಲುಗಳು ಅಗಲವಾಗಲಾರವು. ಬಾಗಿಲ ಚೌಕಟ್ಟನ್ನು ಮೇಲಿನ ಅಡ್ಡಪಟ್ಟಿ ಹಿಡಿದಿಟ್ಟ ಹಾಗೆ. ನೀವು ಅದನ್ನು ಬೂಸ್ಟರ್ ಎನ್ನುತ್ತೀರಿ. ನಾನು ಕಮಾನು ಎಂದೇ ಬರೆಯುತ್ತೇನೆ. ಎಂಟನೆಯ ತರಗತಿಗೆ ಕನ್ನಡದ ಜೊತೆಗೆ ವಿಜ್ಞಾನವನ್ನೂ ಪಾಠ ಮಾಡಿದವನಾದ್ದರಿಂದ ತತ್ತ್ವ ಅಂದೇ ಅರ್ಥವಾಗಿತ್ತು. ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೆ.

ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಿದ್ದ ನೀವು ಆಯುಧಪೂಜೆಯ ಬೆಳಿಗ್ಗೆ ಬೂದುಗುಂಬಳಕಾಯಿ ತರಲು ಪೇಟೆಗೆ ಹೋಗಿದ್ದಿರಿ. ನಾನು ಅಂಗಳದಲ್ಲಿ ನನ್ನ ಹಳೆಯ ಕಪ್ಪು ಸೈಕಲ್ಲು, ಮನೆಯ ಈಳಿಗೆ, ಕೊಡಲಿ, ನಿಮ್ಮ ಗುಡ್ಡದ ಸೈಕಲ್ಲು ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ವರ್ಷವರ್ಷದ ಪದ್ಧತಿಯಂತೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಿದ್ದೆ. ನಿಮ್ಮ ಸೈಕಲ್ಲಿನ ರಿಮ್ಮುಗಳು ಬೆಳ್ಳಿಯ ಬಣ್ಣದವು, ಉಜ್ಜಿದಷ್ಟೂ ಹೊಳೆದವು. ತುಳಸಿಕಟ್ಟೆಯ ಹತ್ತಿರ ರಂಗವಲ್ಲಿ ಹಾಕುತ್ತಿದ್ದ ನಿಮ್ಮ ಅತ್ತೆ ತಲೆಯೆತ್ತಿ, ‘ಗಾಲಿಗೂ ಎಣ್ಣಿ ಹಚ್ಚತೀರೇನ್ರಿ? ಅದೇನು ತಲಿ ಎರಕೊಳ್ಳಾಕ ಹೊಂಟದೇನು?’ ಎಂದಳು. ‘ನಾ ಮಾಸ್ತರಕಿಗೆ ಸೇರಿದಾಗಿಂದ ನನ್ನ ಸೈಕಲ್ಲಿಗೆ ಹಚ್ಚಾಕತ್ತೀನಿ. ಒಂದರೆ ದಿನ ಬಿದ್ದೀನೇನು?’ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಹೇಳಿದ್ದು ನಿಜವೇ ಆಗಿತ್ತು. ನನ್ನ ಹಳೆಯ ಸೈಕಲ್ಲಿನ ಬ್ರೇಕು ಸರಳಿನದು. ಅದರ ರಬ್ಬರು ಒಳಗಿನಿಂದ ಮೇಲಕ್ಕೆ ಬಂದು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಬದಿಗಳಿಗೆ ಎಷ್ಟು ಎಣ್ಣೆ ಹಚ್ಚಿದರೂ ಅದಕ್ಕೆ ಬಾಧೆಯಿಲ್ಲ. ನಿಮ್ಮ ಸೈಕಲ್ಲಿನ ಬ್ರೇಕು ಹಿಡಿಯುವುದೇ ಆ ಬದಿಗಳನ್ನು. ಕುಂಕುಮ ಹಚ್ಚಿ, ಹೂವೇರಿಸಿ, ಆರತಿ ಬೆಳಗಿದೆವು. ನೀವು ಸೈಕಲ್ಲನ್ನು ನೋಡಿ, ‘ಶೋರೂಮಿನಿಂದ ತಂದಂಗ ಆಗ್ಯದ ಸರ್’ ಎಂದು ನಕ್ಕಿರಿ.

ಮರುದಿನ ಸಂಜೆ, ನೀವೂ ನಾನೂ ಗುಡಿಗೆ ಹೋಗಿದ್ದಾಗ, ಶೈಲಾ ಅದೇ ಸೈಕಲ್ಲನ್ನೇರಿ ನನ್ನ ತಂಗಿ ಮಂದಾಕಿನಿಯ ಮನೆಗೆ ಬನ್ನಿ ಕೊಡಲು ಹೊರಟಳು. ಇಳಿಜಾರಿನ ತಿರುವಿನಲ್ಲಿ ಹೊಸ ಅಪಾರ್ಟ್‌ಮೆಂಟು ಏಳುತ್ತಿದೆಯಲ್ಲ, ಅಲ್ಲಿಯ ಉಸುಕಿನ ಗುಂಪಿಯೊಳಗೆ ಹೋಗಿ ಬಿದ್ದಳು. ಗುಡಿಯಿಂದ ಮರಳುತ್ತಿದ್ದ ನಾವು ಓಡಿ ಹೋದಾಗ, ಲಿಂಗಸುಗೂರಿನಿಂದ ಗಾರೆ ಕೆಲಸಕ್ಕೆ ಬಂದಿರುವ ತಾಯಪ್ಪ ಅವಳ ತಲೆಗೆ ನೀರು ತಟ್ಟುತ್ತಿದ್ದ. ‘ಅಕ್ಕಾರು ಎರಡೂ ಬ್ರೇಕ್ ಒತ್ತೇ ಹಿಡದಿದ್ರು ರೀ, ಗಾಡಿ ನಿಂದ್ರವಲ್ದು. ಉಸುಕು ಐತಿ ಅಂತ ಉಳದಾರ್ರಿ. ಮುಂದ ಲಾರಿ ನಿಂತೈತಿ ನೋಡ್ರಿ’ ಎಂದು ಅವನು ಹೇಳಿದ್ದನ್ನು ನೀವೂ ಕೇಳಿದಿರಿ. ಆಸ್ಪತ್ರೆಯಲ್ಲಿ ನೋವಿನ ನಡುವೆಯೂ ಶೈಲಾ, ‘ಅಪ್ಪಾ, ಲಿವರ್ ಕಲ್ಲಿನಂಗ ಗಟ್ಟಿ ಇತ್ತು. ಆದ್ರೂ ಗಾಲಿ ಜಾರಕೋತ ಹೋತು’ ಎಂದಳು. ಕಮಾನು ಬಾಗಿದ್ದರೆ ಲಿವರು ಮೆತ್ತಗಾಗಿ ಹಿಡಿಕೆಯ ತನಕ ಬರಬೇಕಾಗಿತ್ತು. ಗಟ್ಟಿಯಾಗಿದ್ದೂ ಗಾಲಿ ನಿಲ್ಲಲಿಲ್ಲವೆಂದರೆ ರಬ್ಬರು ಜಾರುತ್ತಿದೆ ಎಂದೇ ಅರ್ಥ. ಎಂಟನೆಯ ತರಗತಿಯ ಮಗುವೂ ಇದನ್ನು ಹೇಳಬಲ್ಲದು. ನಾನು ಮಾತ್ರ, ನೋವಿನಲ್ಲಿರುವವರಿಗೆ ಸರಿಯಾಗಿ ನೆನಪಿರುವುದಿಲ್ಲ ಎಂದು ಅವಳನ್ನು ಸುಮ್ಮನಾಗಿಸಿದೆ.

ಸೋಮವಾರ ನಿಮ್ಮ ರವಿವಾರದ ಸೈಕಲ್ ಬಳಗದವರು ಹಣ್ಣು ಹಿಡಿದುಕೊಂಡು ಮನೆಗೆ ಬಂದು, ‘ಏಮೈಂದಿ ಸಾರ್?’ ಎಂದು, ಏನಾಯಿತೆಂದು ನನ್ನನ್ನೇ ಕೇಳಿದರು. ನಿಮ್ಮನ್ನು ಕೇಳಬೇಕಾಗಿತ್ತು, ನನ್ನ ಬಿಳಿಯ ತಲೆಯನ್ನು ನೋಡಿ ನನ್ನನ್ನು ಕೇಳಿದರು. ನಾನು ಮಂಚದ ಕಾಲ್ಬದಿಗೆ ನಿಂತು, ಕರಿಹಲಗೆಯ ಮುಂದೆ ನಿಂತವನಂತೆ ಬೆರಳಾಡಿಸಿ, ವರ್ಕ್‌ಶಾಪಿನಲ್ಲಿ ಕೈಯಿಂದ ಕೊಯ್ದ ಪಟ್ಟಿ ಒತ್ತಡವನ್ನು ತಾಳಲಾರದೆ ಹೇಗೆ ಬಾಗುತ್ತದೆಂಬುದನ್ನು ವಿವರಿಸಿದೆ. ಅವರು ತಲೆದೂಗಿದರು. ನೀವು ಕಿಟಕಿಯ ಬಳಿ ನಿಂತಿದ್ದಿರಿ. ವಾದಿಸುತ್ತೀರೆಂದು ನಾನು ಸಿದ್ಧನಾಗಿದ್ದೆ. ನೀವು, ‘ಬೋಲ್ಟಿನ ಹೋಲ್ ಎಲ್ಲರೆ ದೊಡ್ಡದಾಗಿತ್ತೇನೋ ಸರ್’ ಎಂದು ಮೆಲ್ಲಗೆ ಅಂದಿರಿ. ಇಲ್ಲದ ತಪ್ಪನ್ನು ನಿಮ್ಮ ಕೆಲಸದಲ್ಲಿ ನೀವೇ ಹುಡುಕತೊಡಗಿದಿರಿ. ಅಂದು ಸಂಜೆಯೇ ಬಳಗದವರು ತಮ್ಮ ಸೈಕಲ್ಲುಗಳ ಕಮಾನು ಬಿಚ್ಚಿಸುತ್ತೇವೆಂದು ಫೋನು ಮಾಡಿದರು. ಮಾರನೆಯ ದಿನ ನೀವು ವರ್ಕ್‌ಶಾಪಿಗೆ ಬೀಗ ಹಾಕಿ, ಬೀಗದ ಕೈಯನ್ನು ಶೈಲಾಳ ತಲೆದಿಂಬಿನ ಕೆಳಗಿಟ್ಟು, ಉದಗೀರದ ಬಸ್ಸು ಹತ್ತಿದಿರಿ. ಸೈಕಲ್ಲನ್ನು ಮುಟ್ಟಿಯೂ ನೋಡಲಿಲ್ಲ.

ನಿನ್ನೆ ಅದನ್ನು ಅಂಗಳಕ್ಕೆ ತಂದು ಪರೀಕ್ಷಿಸಿದೆ. ಮೊದಲು ಕಮಾನುಗಳನ್ನು ಬಿಚ್ಚಿ, ನಿಮ್ಮ ಅತ್ತೆಗೆ ಲಿವರು ಹಿಡಿಯಲು ಹೇಳಿ, ನಾನು ಶಾಲೆಯ ಕಾಲದ ಕ್ಯಾಲಿಪರನ್ನು ಫ್ರೇಮಿನ ಕಾಲುಗಳಿಗೆ ತಾಗಿಸಿ ಕುಳಿತೆ. ಕಾಲುಗಳು ಮಕ್ಕಳು ಬರೆಯುವ ಒಂದು ಪಾಟಿಯ ದಪ್ಪದಷ್ಟು ಅಗಲವಾದವು. ಲಿವರು ಹಿಡಿಕೆಗೆ ಬಡಿಯಿತು. ಕಮಾನುಗಳನ್ನು ಮತ್ತೆ ಬಿಗಿದು ನೋಡಿದರೆ ಉಗುರಿನಷ್ಟೂ ಅಗಲವಾಗಲಿಲ್ಲ. ಲಿವರು ಅರ್ಧ ದಾರಿಯಲ್ಲಿಯೇ ಗಟ್ಟಿಯಾಗಿ ನಿಂತಿತು. ‘ಹಿಡಿ, ಬಿಡು, ಹಿಡಿ, ಬಿಡು ಅಂತ ನನ್ನ ಜೀವಾ ತಿನ್ನಾಕತ್ತೀರಿ. ಅಳಿಯಾಗ ಒಂದ ಮಾತು ಅನ್ನಾಕ ಇಷ್ಟೆಲ್ಲಾ ಬೇಕೇನು?’ ಎಂದು ನಿಮ್ಮ ಅತ್ತೆ ಕೈ ಕೊಡವಿ ಎದ್ದು ಹೋದಳು. ಬಳಿಕ ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ಮೂಸಿದೆ. ಕೊಬ್ಬರಿ ಎಣ್ಣೆಯ ವಾಸನೆ. ಗೀರುಗಳಲ್ಲಿ ಕುಂಕುಮದ ಕೆಂಪು. ರಬ್ಬರಿನ ಮೈಯನ್ನು ಮರಳುಕಾಗದದಿಂದ ತಿಕ್ಕಿ, ರಿಮ್ಮುಗಳನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಅದೇ ಇಳಿಜಾರಿನಲ್ಲಿ ನಾನೇ ಇಳಿದೆ. ತಿರುವಿನಲ್ಲಿ ಎರಡೇ ಬೆರಳಿನಿಂದ ಲಿವರು ಎಳೆದದ್ದಕ್ಕೆ ಸೈಕಲ್ಲು ಇದ್ದಲ್ಲೇ ನಿಂತಿತು. ನಾನು ಮುಂದಕ್ಕೆ ಮುಗ್ಗರಿಸಿ ಉಳಿದುಕೊಂಡೆ. ತಾಯಪ್ಪ ಮೇಲಿನ ಸಾರುವೆಯಿಂದ ನೋಡುತ್ತಿದ್ದವನು, ‘ಮಾಸ್ತರ್ರ, ಮದ್ಲ ಧೋತರಾ ಬಿಗದು ಕಟ್ಟಿಕೊಳ್ರಿ, ಆಮ್ಯಾಲ ಸರ್ಕಸ್ ಮಾಡಾಕಂತ್ರಿ’ ಎಂದು ಕೂಗಿದ. ಅವನ ಜೊತೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ ಒಂದು ವಸ್ತುವನ್ನು ನಾನು ನಾಲ್ಕು ಜನರ ಮುಂದೆ ಕಸವೆಂದು ಹೇಳಿದ್ದೆ.

ಬರುವ ರವಿವಾರ ಬೆಳಿಗ್ಗೆ ನಿಮ್ಮ ಬಳಗದವರು ಸೇರುವಲ್ಲಿಗೆ ಹೋಗಿ, ಎಣ್ಣೆ ಹಚ್ಚಿದವನು ನಾನೇ ಎಂದು ಅವರ ಎದುರಿಗೆ ಹೇಳುತ್ತೇನೆ. ತೆಲುಗಿನಲ್ಲಿ ಹೇಳಬೇಕಾದದ್ದರಿಂದ ವಾಕ್ಯಗಳನ್ನು ಈಗಲೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದೇನೆ. ಮುಂದಿನ ವಾರದ ಕೊನೆಗೆ ದೀಪಾವಳಿ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯನನ್ನು ಕರೆತರಲು ಮಾವನೇ ಹೋಗಬೇಕಾದದ್ದು ರೀತಿ. ಉದಗೀರಕ್ಕೆ ಬಂದು ನಿಮ್ಮ ತಾಯಿಯವರ ಮುಂದೆ ನಿಲ್ಲುವ ಮುಖ ನನಗಿಲ್ಲ. ಆದುದರಿಂದ ಪತ್ರದಲ್ಲಿಯೇ ಕರೆಯುತ್ತಿದ್ದೇನೆ. ಅವರನ್ನೂ ಕರೆದುಕೊಂಡು ಬನ್ನಿ. ಅವರಿಗೆ ನನ್ನ ನಮಸ್ಕಾರಗಳು. ನಿಮ್ಮ ಕೈಗುಣ ಹೆಚ್ಚಲಿ, ನಿಮ್ಮ ಸಂಸಾರ ತಣ್ಣಗಿರಲಿ ಎಂದು ಹರಸುವ,

ನಿಮ್ಮ ಮಾವ
ವೆಂಕೋಬರಾವ್

ತಾ. ಕ. ಲಕೋಟೆಯನ್ನು ಅಂಟಿಸುವ ಮೊದಲು ಶೈಲಾ ಪತ್ರವನ್ನು ಓದಲು ಕೇಳಿದಳು. ಕೊಟ್ಟೆ. ಓದಿ ಮುಗಿಸಿ, ‘ಗೊತ್ತಿಲ್ಲದ ಆಗಿದ್ದಕ್ಕ ಇಷ್ಟ್ಯಾಕ ಸಣ್ಣ ಆಗ್ತೀರಿ ಅಪ್ಪಾ’ ಎಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಅದನ್ನು ತಾಳಲಾರದೆ ಇದನ್ನು ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಆದದ್ದಲ್ಲ. ಅವಳು ಬಿದ್ದ ಸಂಜೆ, ನೀವು ಅವಳನ್ನು ಆಟೋದಲ್ಲಿ ಕರೆದೊಯ್ದ ಮೇಲೆ, ಸೈಕಲ್ಲನ್ನು ಉಸುಕಿನಿಂದ ಎತ್ತಿದವನು ನಾನು. ರಿಮ್ಮಿನ ಎರಡೂ ಬದಿಗೆ ಉಸುಕು ದಪ್ಪಗೆ ಅಂಟಿಕೊಂಡಿತ್ತು. ಒಣ ಲೋಹಕ್ಕೆ ಉಸುಕು ಹಾಗೆ ಅಂಟುವುದಿಲ್ಲ. ಎಣ್ಣೆಯಿಂದಲೇ ಹೀಗಾಯಿತೆಂದು ನನಗೆ ಅಲ್ಲಿಯೇ ತಿಳಿಯಿತು. ತಾಯಪ್ಪ ಆ ಕಡೆ ತಿರುಗಿದಾಗ ಹೆಗಲ ಮೇಲಿನ ವಸ್ತ್ರದಿಂದ ಒರೆಸಿಬಿಟ್ಟೆ. ಆಮೇಲೆ ಆಸ್ಪತ್ರೆಗೆ ಬಂದು, ನಿಮ್ಮ ಮುಖವನ್ನು ನೋಡುತ್ತಲೇ, ಕಮಾನು ಬಾಗಿತು ಎಂದೆ. ಬುಧವಾರದ ಪತ್ರವನ್ನು ಬರೆದದ್ದೂ ತಿಳಿದೇ. ನಿನ್ನೆಯ ಪರೀಕ್ಷೆ ಸತ್ಯವನ್ನು ಕಾಣಲು ಮಾಡಿದ್ದಲ್ಲ. ಎಣ್ಣೆಯ ಜೊತೆಗೆ ಕಮಾನಿನದೂ ಅಷ್ಟಿಷ್ಟು ಪಾಲು ಸಿಕ್ಕೀತೇನೋ ಎಂಬ ಆಸೆಯಿಂದ ಮಾಡಿದ್ದು. ಸಿಗಲಿಲ್ಲ. ಈ ಸಾಲುಗಳನ್ನು ಶೈಲಾ ಇನ್ನೂ ಓದಿಲ್ಲ. ಈಗ ಪತ್ರವನ್ನೂ ಲಕೋಟೆಯನ್ನೂ ಅವಳ ಕೈಗೇ ಕೊಡುತ್ತೇನೆ. ಇದು ನಿಮಗೆ ತಲುಪಿದ್ದರೆ, ಎಲ್ಲವನ್ನೂ ಓದಿ ಅಂಟಿಸಿದವಳು ಅವಳೆಂದು ತಿಳಿಯಿರಿ. ಬರುವುದಾದರೆ ಅವಳಿಗಾಗಿ ಬನ್ನಿ. ನನ್ನನ್ನು ಮಾತನಾಡಿಸಲೇಬೇಕೆಂದಿಲ್ಲ.

೧೪ ಅಕ್ಟೋಬರ್ ೨೦೦೩, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ